ಕೊಟ್ರಬಸಮ್ಮ ಬರೆದ ಎರಡು ಪದ

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಜಾಲಿ ಶುರುವಾಗುವಲ್ಲಿ, ವಿಶ್ವವಿದ್ಯಾಲಯದ ಒಂದು ಸಣ್ಣ ಸ್ನಾತಕೋತ್ತರ ಕೇಂದ್ರವಿದೆ. ಅದರ ಪ್ರವೇಶ ವಿಭಾಗವೆಂದರೆ ಒಂದು ಕೋಣೆ, ಎರಡು ಬೀರು, ಒಂದು ಕಂಪ್ಯೂಟರ್ ಮತ್ತು ಕೊಟ್ರಬಸಮ್ಮ. ಇಪ್ಪತ್ತಾರು ವರ್ಷದ ಸರ್ವಿಸು. ಸಿಟ್ಟು ಸದಾ ಮೂಗಿನ ತುದಿಯಲ್ಲಿ, ಬೀರುವಿನ ಕೀಲಿ ಸದಾ ಸೆರಗಿನ ತುದಿಯಲ್ಲಿ. ಅರ್ಜಿಯ ಜತೆ ಆದಾಯ ಪ್ರಮಾಣಪತ್ರ ಇಡಲು ಮರೆತವರಿಗೆ ಮೊದಲು ಮಂಗಳಾರತಿ ಮಾಡುವಳು. ಆಮೇಲೆ ತಾನೇ ನಾಡಕಚೇರಿಗೆ ಫೋನ್ ಹಚ್ಚಿ, ಯಾರನ್ನು ಕಾಣಬೇಕೆಂದು ಚೀಟಿ ಬರೆದುಕೊಟ್ಟು ಕಳಿಸುವಳು.

ಆಕೆಯ ಹತ್ತಿರ ಒಂದು ದಪ್ಪ ರಿಜಿಸ್ಟರು. ಅರ್ಜಿ ಹಾಕಿದವರ ಹೆಸರು, ಊರು, ಫೋನ್ ನಂಬರು, ಯಾವ ದಿನ ಮಾತಾಡಿದ್ದು, ಏನಾಯಿತು, ಎಲ್ಲ ಅದರಲ್ಲಿ. ಸೀಟು ಬಂದವರಿಗೆ ಮೆಸೇಜ್ ಹೋಗುತ್ತಿತ್ತು. ಮೆಸೇಜಿಗೂ ಬಾರದಿದ್ದರೆ ಕೊಟ್ರಬಸಮ್ಮ ಮೂರು ಸಲ ಫೋನ್ ಮಾಡುವಳು. ಮೂರಕ್ಕೂ ಸಿಗದಿದ್ದರೆ ಕೊನೆಯ ಕಾಲಮ್ಮಿನಲ್ಲಿ ಎರಡೇ ಪದ: ಆಸಕ್ತಿ ಇಲ್ಲ. ಮೂರು ಸಲ ಕರೆದರೂ ಓಗೊಡದವರಿಗೆ ಓದು ಬೇಕಾಗಿಲ್ಲ ಎಂಬುದು ಆಕೆಯ ಕಾನೂನು, ಮತ್ತು ಆ ಕಾನೂನಿನ ಬಗ್ಗೆ ಆಕೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಈ ವರ್ಷ ಶ್ರೀನಾಥ ಎಂಬ ಹೊಸ ಸಂಯೋಜಕರು ಬಂದರು. ಮೈಸೂರಿನ ಕಡೆಯವರು, ಚಿಕ್ಕ ವಯಸ್ಸು, ಒಳ್ಳೆಯ ಮನುಷ್ಯ. ಎಂ.ಎಸ್ಸಿ. ಗಣಿತಕ್ಕೆ ಮೂವತ್ತು ಸೀಟು, ಹೋದ ವರ್ಷ ಸೇರಿದವರು ಹನ್ನೆರಡು. ಇದು ಹೀಗೇ ನಡೆದರೆ ವಿಭಾಗಕ್ಕೆ ಬೀಗ ಬೀಳುತ್ತದೆಂದು ಮೇಲಿನಿಂದ ಪತ್ರ ಬಂದಿತ್ತು. ಶ್ರೀನಾಥರು ಕೊಟ್ರಬಸಮ್ಮನ ಮೂರು ವರ್ಷದ ರಿಜಿಸ್ಟರನ್ನು ಕಂಪ್ಯೂಟರಿಗೆ ಹಾಕಿಸಿದರು. ಯಾವ ಊರಿಂದ ಎಷ್ಟು ಅರ್ಜಿ, ಅದರಲ್ಲಿ ಎಷ್ಟು ಜನ ಸೇರಿದರು ಎಂದು ವಿಂಗಡಿಸಿದರು. ಪ್ರಚಾರಕ್ಕೆ ಎಲ್ಲಿ ಹೋಗಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸುವುದಕ್ಕೆ. ಹಡಗಲಿ, ಹಗರಿಬೊಮ್ಮನಹಳ್ಳಿ ಪಟ್ಟಣಗಳು ಹಸಿರು ಬಣ್ಣದಲ್ಲಿ ಬಂದವು. ಉಜ್ಜಿನಿ ಆಚೆಯ ಪುಟ್ಟ ಅರಸೀಕೆರೆಯ ಸುತ್ತಿನ ಹಳ್ಳಿಗಳು ಕೆಂಪಗೆ ಕೂತವು.

"ನೋಡಿ ಮೇಡಂ, ಈ ಕಡೆಯಿಂದ ಹತ್ತೊಂಬತ್ತು ಹುಡುಗಿಯರ ಅರ್ಜಿ, ಸೇರಿದ್ದು ಇಬ್ಬರು. ಉಳಿದವರಿಗೆಲ್ಲ ಆಸಕ್ತಿ ಇಲ್ಲ ಅಂತ ನೀವೇ ಬರೆದಿದ್ದೀರಿ. ಈ ಸೈಡ್ ಬಿಟ್ಟುಬಿಡೋಣವಾ?"

"ಬಿಡ್ರಿ ಸರ್," ಎಂದುಬಿಟ್ಟಳು ಕೊಟ್ರಬಸಮ್ಮ. ಆದರೆ ಊಟದ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು, ಹಾಗೇ ಕೆಳಗಿಟ್ಟಳು. ತನ್ನದೇ ಅಕ್ಷರ ಹೋಗಿ ಹೋಗಿ ಹತ್ತು ಊರಿನ ಹೆಣ್ಣುಮಕ್ಕಳ ಮೇಲೆ ಕೆಂಪು ಬಣ್ಣ ಬಳಿದಿತ್ತಲ್ಲ. ಡಬ್ಬಿ ಮುಚ್ಚಿ ರಿಜಿಸ್ಟರು ತೆಗೆದಳು. ಆ ಹದಿನೇಳು ಹೆಸರುಗಳ ಮೇಲೆ ಬೆರಳಿಟ್ಟುಕೊಂಡು ಹೋದಳು. ಆಗ ಒಂದು ಕಂಡಿತು. ಅರ್ಜಿ ಹಾಕುವ ಹೊತ್ತಿನಲ್ಲಿ, ಆಷಾಢಕ್ಕೆ ಮುಂಚೆ, ಏನೋ ಕಾಗದ ಬೇಕೆಂದು ಇದೇ ನಂಬರುಗಳಿಗೆ ಫೋನ್ ಮಾಡಿದ್ದಳು. ಹದಿನೇಳೂ ಸಿಕ್ಕಿದ್ದವು. ಭಾದ್ರಪದದಲ್ಲಿ ಪಟ್ಟಿ ಬಂದಾಗ ಒಂದೂ ಸಿಕ್ಕಿರಲಿಲ್ಲ. ಅಷ್ಟೂ ನಂಬರು ಅಪ್ಪಂದಿರದು. ಅಪ್ಪಂದಿರ ಹೆಸರೋ, ದೊಡ್ಡಬೀರಪ್ಪ, ಬೀರಲಿಂಗಪ್ಪ, ಮಾರಣ್ಣ, ಎಲ್ಲ ಕುರಿ ಕಾಯುವವರ ಮನೆಯ ಹೆಸರುಗಳು.

ಕೊಟ್ರಬಸಮ್ಮ ಕೂಡ್ಲಿಗಿ ಸೀಮೆಯ ಒಕ್ಕಲು ಮನೆಯ ಮಗಳು. ಮಳೆ ಬಿದ್ದು ಬಿತ್ತನೆಯಾದ ಮೇಲೆ ಊರಿನಿಂದ ಹೊರಡುವುದು ಯಾವುದೆಂದು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಲದಲ್ಲಿ ಪೈರು ನಿಂತರೆ ಕುರಿಗೆ ಜಾಗವಿಲ್ಲ. ಕುರಿ ಗುಡ್ಡಕ್ಕೆ ಹೋಗುತ್ತವೆ, ಅವುಗಳ ಹಿಂದೆ ಮನೆಯ ಯಜಮಾನ ಹೋಗುತ್ತಾನೆ, ಯಜಮಾನನ ಜೇಬಿನಲ್ಲಿ ಮನೆಯ ಒಂದೇ ಫೋನು ಹೋಗುತ್ತದೆ, ಸಿಗ್ನಲ್ಲು ಮಾತ್ರ ಊರಲ್ಲೇ ಉಳಿಯುತ್ತದೆ.

ಕೈ ತೊಳೆಯದೆ ಮೊದಲ ನಂಬರಿಗೆ ಹಚ್ಚಿದಳು. ಈ ವರ್ಷ ಮಳೆ ಮುಂಚೆಯೇ ಬಿದ್ದು ಕುರಿ ಆಗಲೇ ಗುಡ್ಡ ಹತ್ತಿದ್ದವು; ನಾಲ್ಕನೇ ಸಲಕ್ಕೆ ಗಾಳಿಯ ಸದ್ದು, ಅದರೊಳಗೊಂದು ದನಿ.

"ಯಾರ್ರಿ? ಜೋರಾಗಿ ಹೇಳ್ರಿ, ಗುಡ್ಡದ ಮ್ಯಾಲ ಅದೀನಿ."

"ದೊಡ್ಡಬೀರಪ್ಪ ಏನ್ರಿ? ಕೊಟ್ಟೂರು ಸೆಂಟರಿಂದ. ನಿಮ್ಮ ಮಗಳು ಶೃತಿ ಹೋದ ವರ್ಷ ಅರ್ಜಿ ಹಾಕಿದ್ಲಲ್ಲ?"

"ಹಾಕಿದ್ಲು ಮೇಡಮ್ಮಾರ. ಸೀಟು ಬರ್ಲಿಲ್ಲ. ಮಾರ್ಕ್ಸ್ ಸಾಲ್ಲಿಲ್ಲಂತ. ಪಾಪ, ಅವತ್ತಿನಿಂದ ಪುಸ್ತಕ ಮುಟ್ಟಿಲ್ಲ ನೋಡ್ರಿ ಹುಡುಗಿ."

ಕೊಟ್ರಬಸಮ್ಮನ ಬೆರಳು ಇನ್ನೂ ಆ ಸಾಲಿನ ಮೇಲೇ ಇತ್ತು. ಎರಡನೇ ಪಟ್ಟಿ, ಕ್ರಮಸಂಖ್ಯೆ ನಾಲ್ಕು, ಶೃತಿ. ಮುಖವೂ ನೆನಪಾಯಿತು. ಮೊದಲ ಪಟ್ಟಿ ನೋಡಲು ಬಂದು, ಹೆಸರು ಕಾಣದೆ, ಬಾಗಿಲಲ್ಲಿ ನಿಂತಿದ್ದ ಹುಡುಗಿ. "ಎರಡನೇ ಪಟ್ಟಿ ಬಂದ್ರ ನಾವ ಫೋನ್ ಮಾಡ್ತೀವಿ, ಹೋಗವ್ವ" ಎಂದು ಕಳಿಸಿದ್ದವಳು ತಾನೇ. ಹುಡುಗಿ ನಂಬಿ ಹೋಗಿದ್ದಳು. ಬಾಯಿಬಿಟ್ಟು ಅದನ್ನು ಅಪ್ಪನಿಗೆ ಹೇಳಲು ಕೊಟ್ರಬಸಮ್ಮನಿಗೆ ಧೈರ್ಯ ಬರಲಿಲ್ಲ.

"ನಾಳೆ ನಿಮ್ಮ ಮನಿಗೆ ಬರ್ತೀನ್ರಿ. ಈ ವರ್ಷ ಮತ್ತ ಅರ್ಜಿ ಹಾಕಿಸ್ತೀನಿ. ನಾಳೆ ಹನ್ನೆರಡು ಗಂಟೆಗೆ ಇದ ಜಾಗದಾಗ ಇರ್ರಿ, ನಿಮ್ಮ ಫೋನಿಗೆ ಒಂದು ನಂಬರ್ ಬರ್ತೈತಿ," ಎಂದಷ್ಟೇ ಹೇಳಿದಳು. ಸೋಮವಾರ ಅರ್ಜಿಗೆ ಕೊನೆಯ ದಿನ. ಅದು ದಾಟಿದರೆ ಹುಡುಗಿಗೆ ಇನ್ನೊಂದು ವರ್ಷ ಹೋದಂತೆ, ಅಥವಾ ಓದೇ ಹೋದಂತೆ.

ಮರುದಿನ ಶನಿವಾರ. ಅರ್ಧ ದಿನ ರಜೆ ಬರೆದುಕೊಟ್ಟು ಉಜ್ಜಿನಿ ಮೇಲಿಂದ ಅರಸೀಕೆರೆಗೆ ಹೋಗುವ ಬಸ್ಸು ಹತ್ತಿದಳು. ಫೋನಿನಲ್ಲಿ ಆದ ತಪ್ಪನ್ನು ಫೋನಿನಲ್ಲೇ ಒರೆಸಿಹಾಕುವುದು ಆಕೆಗೆ ಸರಿ ಕಾಣಲಿಲ್ಲ. ಬ್ಯಾಗಿನಲ್ಲಿ ಎರಡನೇ ಪಟ್ಟಿಯ ಜೆರಾಕ್ಸ್ ಇತ್ತು. ಅರಸೀಕೆರೆಯಿಂದ ಒಳಗಿನ ಹಳ್ಳಿಗೆ ಆಟೋ.

ಶೃತಿ ಮೆಕ್ಕೆಜೋಳದ ಕಳೆ ತೆಗೆದು ಆಗತಾನೆ ಬಂದು ಕೈಕಾಲು ತೊಳೆಯುತ್ತಿದ್ದಳು. ಅವಳ ತಾಯಿ ಗಾದೆಮ್ಮ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಆಫೀಸಿನ ಹೆಂಗಸು ಮನೆಗೇ ಬಂದದ್ದು ಏನು ಗ್ರಹಚಾರವೋ ಎಂದು ಹೆದರಿ ನಿಂತಳು. ಕೊಟ್ರಬಸಮ್ಮ ಸುತ್ತಿ ಬಳಸಿ ಮಾತಾಡುವವಳಲ್ಲ. ಹಾಳೆ ತೆಗೆದು ಹುಡುಗಿಯ ಕೈಗೆ ಕೊಟ್ಟಳು.

ಶೃತಿ ಓದಿದಳು. ಮತ್ತೆ ಓದಿದಳು. ತಂದೆಯ ಹೆಸರಿನ ಮೇಲೆ ಬೆರಳಿಟ್ಟು ನೋಡಿದಳು.

"ಹಂಗಾರ ನನ್ನ ಮಾರ್ಕ್ಸ್ ಸಾಲಿದ್ವು ಏನ್ರಿ?"

"ಸಾಲಿದ್ವು ತಾಯಿ. ನಿನ್ನ ಸೀಟು ಹದಿನೈದು ದಿನ ನಿನ್ನ ದಾರಿ ಕಾದೈತಿ. ನಾನು ಮೂರು ಸಲ ಫೋನ್ ಮಾಡಿ, ಈಕೀಗೆ ಆಸಕ್ತಿ ಇಲ್ಲ ಅಂತ ಬರ್ದುಬಿಟ್ಟೆ. ತಪ್ಪು ನಂದು."

ಹುಡುಗಿ ಬೈಯುತ್ತಾಳೆ, ಬೈದರೆ ಬೈಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು ಕೊಟ್ರಬಸಮ್ಮ. ಶೃತಿ ಬೈಯಲಿಲ್ಲ. ಒಂದು ವರ್ಷದ ಅಳುವನ್ನು ಹಾಳೆಯ ಮೇಲೆ ಅತ್ತಳು, ಅಳುತ್ತಲೇ ನಕ್ಕಳು. ಕೊಟ್ರಬಸಮ್ಮನಿಗೂ ಕಣ್ಣು ತುಂಬಿತು, ಅದನ್ನು ಮುಚ್ಚಿಕೊಳ್ಳಲು ಮಜ್ಜಿಗೆಗೆ ಉಪ್ಪು ಕಡಿಮೆ ಎಂದು ಗಾದೆಮ್ಮನ ಮೇಲೆ ರೇಗಿದಳು.

ಹನ್ನೆರಡಕ್ಕೆ ಕೊಟ್ರಬಸಮ್ಮನ ಮೊಬೈಲಿನಲ್ಲೇ ಅರ್ಜಿ ತುಂಬಿದರು. ಆಧಾರ್ ಕಾರ್ಡಿಗೆ ಜೋಡಿಸಿದ್ದು ಅಪ್ಪನ ನಂಬರು, ಒಟಿಪಿ ಅಲ್ಲಿಗೇ ಹೋಗಬೇಕು. ಹತ್ತು ನಿಮಿಷದೊಳಗೆ ಹಾಕದಿದ್ದರೆ ಕೆಡುತ್ತದೆ. ಪಕ್ಕದ ಮನೆಯವರ ಫೋನಿನಿಂದ ಶೃತಿ ಅಪ್ಪನಿಗೆ ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದ.

"ಮುಂಜಾನಿಂದ ಗುಡ್ಡದ ಮ್ಯಾಲ ಕುಂತೀನವ್ವ. ಕುರಿ ಮಾರಣ್ಣನ ಹತ್ರ ಬಿಟ್ಟೀನಿ. ಬಂತು ನೋಡು, ಟಣ್ ಅಂತು. ಎಲ್ಲಾ ಇಂಗ್ಲೀಷ್ ಐತಲ್ಲವ್ವ."

"ಅಂಕಿ ಅಷ್ಟ ಓದಪ್ಪ. ಆರು ಅಂಕಿ."

ದೊಡ್ಡಬೀರಪ್ಪ ಓದಿದ. ಕುರಿ ಎಣಿಸುವವನು ಎಣಿಸಿದಂತೆ ಒಂದೊಂದನ್ನೂ ಬಿಡಿಸಿ, ನಿಲ್ಲಿಸಿ, ಎರಡೆರಡು ಸಲ ಹೇಳಿದ. ಅರ್ಜಿ ಸ್ವೀಕೃತವಾಯಿತು ಎಂದು ತೆರೆಯ ಮೇಲೆ ಬಂತು.

"ಇಂಥಾದ್ದ ಇನ್ನೊಂದು ಐತವ್ವ, ಹೋದ ವರ್ಷದ್ದು," ಎಂದ ಅಪ್ಪ. "ನಿಮ್ಮ ಸೆಂಟರಿಂದು ಇರಬೇಕು, ಏನರ ಕೆಲಸಕ್ಕ ಬೀಳ್ತೈತಿ ಅಂತ ಅಳಿಸಿಲ್ಲ. ಏನದು?"

ಶೃತಿ ಒಂದು ಗಳಿಗೆ ಕೊಟ್ರಬಸಮ್ಮನ ಮುಖ ನೋಡಿದಳು.

"ಏನಿಲ್ಲಪ್ಪ, ಹಳೇದು. ಇರ್ಲಿ ಬಿಡು."

ಸೋಮವಾರ ಕೊಟ್ರಬಸಮ್ಮ ಶ್ರೀನಾಥರ ಮುಂದೆ ರಿಜಿಸ್ಟರು ಬಿಚ್ಚಿಟ್ಟಳು. ಹದಿನೇಳು ಕಡೆ ಆಸಕ್ತಿ ಇಲ್ಲ ಎಂಬುದಕ್ಕೆ ಗೆರೆ ಎಳೆದು, ಸುದ್ದಿ ಮುಟ್ಟಿಲ್ಲ ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿದ್ದಳು. "ನಿಮ್ಮ ಕಂಪ್ಯೂಟರ್ ಸರಿ ಐತಿ ಸರ್. ನಾನು ಬರ್ದದ್ದು ಸುಳ್ಳು." ಶ್ರೀನಾಥರು ಆ ಪುಟ ಓದಿ, ಕಂಪ್ಯೂಟರಿನಲ್ಲಿ ಆ ಹಳ್ಳಿಗಳ ಕೆಂಪು ಬಣ್ಣ ತೆಗೆದರು. ಅರ್ಜಿಯಲ್ಲಿ ಒಂದು ಸಾಲು ಹೊಸದಾಗಿ ಸೇರಿತು: ಮಳೆಗಾಲದಲ್ಲಿ ನಿಮಗೆ ಸುದ್ದಿ ಮುಟ್ಟಿಸಬೇಕಾದ ನಂಬರು. ಸೀಟು ತುಂಬಿರದ ಕಾರಣ ಅರ್ಜಿಯ ಕೊನೆಯ ದಿನ ಎರಡು ವಾರ ಮುಂದೆ ಹೋಯಿತು; ಆ ವಾರವೇ ಅವರ ಪ್ರಚಾರದ ಜೀಪು ಮೊದಲು ಹೋದದ್ದು ಅರಸೀಕೆರೆಗೆ.

ಭಾದ್ರಪದದಲ್ಲಿ ಪಟ್ಟಿ ಬಂತು. ಪ್ರವೇಶದ ದಿನ ಶೃತಿ ಒಳಗೆ ಶ್ರೀನಾಥರ ಕೋಣೆಯಲ್ಲಿ ಮೂಲ ಅಂಕಪಟ್ಟಿ ತೋರಿಸುತ್ತಿದ್ದಳು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ದೊಡ್ಡಬೀರಪ್ಪ ಕೊಟ್ರಬಸಮ್ಮನ ಮೇಜಿನ ಹತ್ತಿರ ಬಂದು, ಜೇಬಿನಿಂದ ಫೋನು ತೆಗೆದು, ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಇದು ಏನೈತಿ ಓದ್ರಿ ಮೇಡಮ್ಮಾರ."

"ನಿಮ್ಮ ಮಗಳಿಗೆ ಸೀಟು ಬಂದೈತಿ ಅಂತ ಐತ್ರಿ."

ದೊಡ್ಡಬೀರಪ್ಪ ಬೆರಳಿನಿಂದ ಮೆಲ್ಲಗೆ ಕೆಳಗೆ ಸರಿಸಿದ. "ಹೋದ ವರ್ಷದ್ದೂ ಹಂಗ ಕಾಣ್ತೈತ್ರಿ. ಅಕ್ಷರ ಬರಂಗಿಲ್ಲ ನನಗ. ಆದ್ರ ನನ್ನ ಇನ್ನೂರು ಕುರಿಯಾಗ ಯಾವುದು ಯಾವುದರ ಮರಿ ಅಂತ ಮಾರಿ ನೋಡಿ ಹೇಳ್ತೀನಿ. ಇವೆರಡೂ ಒಂದ ಅಲ್ಲೇನ್ರಿ?"

ಈ ಸಲ ಕೊಟ್ರಬಸಮ್ಮ ತಪ್ಪಿಸಿಕೊಳ್ಳಲಿಲ್ಲ. "ಒಂದ ಐತ್ರಿ. ಹೋದ ವರ್ಷಾನೂ ಬಂದಿತ್ತು. ನಿಮಗ ಓದಿ ಹೇಳೋರು ಇರ್ಲಿಲ್ಲ, ನಾನು ಬಂದು ಹೇಳ್ಲಿಲ್ಲ."

ಆತ ಫೋನನ್ನು ಕಂಬಳಿಯ ಅಂಚಿನಿಂದ ಒರೆಸಿದ. ಒಳಗೆ ಸಹಿ ಮಾಡುತ್ತಿದ್ದ ಮಗಳ ಬೆನ್ನನ್ನು ನೋಡುತ್ತ ನಿಂತ.

"ಹಳೇದು, ಏನಿಲ್ಲ ಅಂದ್ಲರಿ ನನಗ," ಎಂದ. "ಅಪ್ಪಗ ನೋವಾದೀತು ಅಂತ."