ಅಜ್ಜಿಗೆ ಯಾವ ಪ್ಲ್ಯಾನೂ ಇಲ್ಲ

ಸ್ನೇಹಿತರೇ, ಇವತ್ತು ಸಂಜೆ ನಮ್ಮ ಮನೆಯಲ್ಲಿ ‘ಪ್ಲ್ಯಾನ್’ ಅನ್ನುವ ಒಂದೇ ಪದಕ್ಕೆ ಕಿತ್ತಾಟವಾಯಿತು. ಐದನೇ ಕ್ಲಾಸಿನ ನನ್ನ ಮಗಳಿಗೆ ಇಂಗ್ಲಿಷ್ ಹೋಂವರ್ಕ್: ಆ ಪದದ ಸಮಾನಾರ್ಥಕಗಳನ್ನು ಬರೆದು, ಮನೆಯವರೊಬ್ಬರ ನಾಳೆಯ ಪ್ಲ್ಯಾನ್ ಬಗ್ಗೆ ಎರಡು ವಾಕ್ಯ ಬರೆಯಬೇಕು. ಸ್ಕೀಮ್, ಶೆಡ್ಯೂಲ್, ಪ್ರೋಗ್ರಾಮ್ ಎಲ್ಲ ಬರೆದಾಯಿತು. ವಾಕ್ಯಕ್ಕೆ ಅಜ್ಜಿಯನ್ನು ಹಿಡಿದಳು.

“ಅಜ್ಜಿ, ನಾಳೆ ನಿಂದೇನು ಪ್ಲ್ಯಾನ್ ಐತಿ?”

“ಏನೂ ಇಲ್ಲವ್ವ,” ಎಂದಳು ನಮ್ಮವ್ವ, ರೊಟ್ಟಿ ಬಡಿಯುತ್ತಲೇ. ಬುಟ್ಟಿಯಲ್ಲಿ ಆಗಲೇ ಇಪ್ಪತ್ತು ರೊಟ್ಟಿಗಳಿದ್ದವು. ಮನೆಯಲ್ಲಿರುವುದು ನಾಲ್ಕೇ ಮಂದಿ.

“ಹೇಳಲಿಲ್ಲಂದ್ರ ನಂಗ ಟೀಚರ್ ಬೈತಾರ!”

“ಬೈಲಿ. ಕೆಲಸ ಆಗೂತನಕ ಬಾಯಿಬಿಟ್ಟು ಹೇಳಬಾರದು. ನಿಮ್ಮಪ್ಪನ್ನ ನೋಡು. ಗೆಳೆಯಾರ ಜೋಡಿ ಐರಣಿ ಹೊಳಿಗೆ ಹೊಂಟೇನಿ ಅಂತ ನಾಲ್ಕು ದಿನದಿಂದ ಓಣಿಗೆಲ್ಲ ಹೇಳಿದ. ಏನಾತು?”

ನನಗೆ ಮಧ್ಯಾಹ್ನವಷ್ಟೇ ಮೂವರೂ ಗೆಳೆಯರು ಕೈಕೊಟ್ಟಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಆಟೋ ರಫೀಕ್ ಚಾಚಾ ಬಾಗಿಲಿಗೆ ಬಂದರು. “ಅವ್ವಾರ, ನಾಳೆ ಕದರಮಂಡಲಗಿ ಹನುಮಪ್ಪನ ಗುಡಿಗೆ ಎಲ್ಲಾರೂ ಆರಕ್ಕ ಹೊಂಡೂದೋ, ಆರೂವರಿಗೋ?”

ಅವ್ವ ಹಿಟ್ಟಿನ ಬೆರಳನ್ನು ತುಟಿಯ ಮೇಲಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. ಇನ್ನೊಂದು ಕೈಯ ಐದೂ ಬೆರಳು ಎತ್ತಿ ತೋರಿಸಿದಳು.

ಮಗಳು ಎರಡು ವಾಕ್ಯ ಬರೆದು ಪುಸ್ತಕ ಮುಚ್ಚಿದಳು. ಕನ್ನಡದಲ್ಲಿ ಹೇಳುವುದಾದರೆ: “ನಮ್ಮ ಅಜ್ಜಿಗೆ ಯಾವ ಪ್ಲ್ಯಾನೂ ಇಲ್ಲ. ನಾವು ಬೆಳಿಗ್ಗೆ ಐದಕ್ಕೆ ಹೊರಡುತ್ತೇವೆ.”

ಎರಡೂ ಅವ್ವನೇ ಹೇಳಿದ್ದು, ನಾನು ತಿದ್ದಲಿಲ್ಲ. ನೀವೂ ನಾಳೆ ಐದರವರೆಗೆ ಯಾರಿಗೂ ಹೇಳಬೇಡಿ.