ಬೆಂಕಿ ಬೇಕೆಂದು ನಾನು ಹೇಳಿದ ಸುಳ್ಳು

ಇದನ್ನು ಹೇಳುವುದನ್ನು ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಸೆಕೆಯಾದಾಗಲೆಲ್ಲ ನೆನಪಾಗುತ್ತದೆ, ತಂಪಾದ ಕೂಡಲೇ ಮರೆತವನಂತೆ ಇದ್ದುಬಿಡುತ್ತೇನೆ.

ಆಗ ಸಿಡ್ನಿಯ ಗಿರಾವೀನ್‌ನಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೆವು. ಇಡೀ ಕಟ್ಟಡಕ್ಕೆ ಬಿಸಿನೀರು ಕೊಡುವ ಗ್ಯಾಸ್ ಬಾಯ್ಲರ್ ಕೆಟ್ಟಿತ್ತು. ಗ್ಯಾಸನ್ನೇ ತೆಗೆಸೋಣ, ಛಾವಣಿಗೆ ಸೋಲಾರ್ ಹಾಕಿಸೋಣ, ಒಲೆಗಳೂ ಕರೆಂಟಿನವಾಗಲಿ ಎಂದು ಮಗಳು ಮಾಲೀಕರ ಸಭೆಗೆ ಪ್ರಸ್ತಾಪವಿಟ್ಟಳು. ನಾರ್ವೆಸ್ಟ್‌ನ ಆಫೀಸಿನಿಂದ ಬಂದವಳೇ ಮನೆಮನೆ ಹತ್ತಿಳಿದು ವಿವರಿಸುತ್ತಿದ್ದಳು.

"ಈಗ ಹೊಸ ಬಾಯ್ಲರ್ ಕೂರಿಸಿದ್ರೆ ಅದು ಹಾಳಾಗುವವರೆಗೂ ಗ್ಯಾಸ್ ಸುಡ್ತಾನೇ ಇರ್ಬೇಕು ಅಪ್ಪ. ಮಕ್ಕಳ ಕಾಲಕ್ಕೆ ಸೆಕೆ ಎಷ್ಟಿರ್ತದೆ ಅಂತ ಇಂಥ ಮೀಟಿಂಗಲ್ಲೇ ಡಿಸೈಡ್ ಆಗುದು."

ಕೆಳಮನೆಯ ಉಡುಪಿಯವರು ಲಿಫ್ಟಿನಲ್ಲಿ ನನ್ನನ್ನು ಕಂಡು ನಕ್ಕರು: "ಎಂತ ಅಂಕಲ್, ಮಗಳದ್ದೇ ದರ್ಬಾರಾ? ನಿಮ್ಮದು ಊಟ, ನಿದ್ದೆ ಮಾತ್ರವಾ?"

ಮಗಳ ಮನೆಯಲ್ಲಿ ಉಣ್ಣುವವನ ಮಾನ ಕೆಣಕಲು ಅಷ್ಟು ಸಾಕಾಯಿತು. ಆ ಕಟ್ಟಡದಲ್ಲಿ ತುಳು ಮಾತಾಡುವ ಮನೆಗಳೇ ಹೆಚ್ಚು. ಪೂಜೆ, ತಿಥಿಗಳ ಕ್ರಮ ಕೇಳಲು ಎಲ್ಲರೂ ನನ್ನ ಬಳಿ ಬರುತ್ತಿದ್ದರು. ನನಗೆ ಓಟಿರಲಿಲ್ಲ, ಬಾಯಿ ಇತ್ತು.

"ತಿಥಿಯ ಅಡಿಗೆ ಬೆಂಕಿಯಲ್ಲೇ ಆಗ್ಬೇಕು ಮಾರಾಯ. ಕರೆಂಟಿನ ಅನ್ನ ಹಿರಿಯರಿಗೆ ಮುಟ್ಟುದಿಲ್ಲ" ಎಂದು ಒಂದೊಂದು ಮನೆಯಲ್ಲೂ ಚಹಾ ಕುಡಿದು ಹೇಳಿದೆ. ಹಿಂದಿನ ವರ್ಷವಷ್ಟೇ ನನ್ನ ಹೆಂಡತಿಯ ತಿಥಿಗೆ ಕರೆಂಟ್ ಕುಕ್ಕರಿನಲ್ಲಿ ನಾನೇ ಅನ್ನ ಮಾಡಿದ್ದೆ. ಕಾಗೆ ಬಂದು ತಿಂದೂ ಹೋಗಿತ್ತು.

ಪ್ರಸ್ತಾಪ ಬಿದ್ದುಹೋಯಿತು, ಹೊಸ ಗ್ಯಾಸ್ ಬಾಯ್ಲರೇ ಎಂದು ತೀರ್ಮಾನವಾಯಿತು. ಸಭೆಯಿಂದ ಬಂದ ಮಗಳು ಚಪ್ಪಲಿ ಬಿಡುತ್ತ ಕೇಳಿದಳು: "ಹಾಗಾದ್ರೆ ಅಮ್ಮನಿಗೆ ಅನ್ನ ಮುಟ್ಟಲಿಲ್ವಾ?"

ನಾನು ಟಿವಿಯ ಸದ್ದು ಹೆಚ್ಚಿಸಿದೆ.

ಅವಳ ಕೆಲಸ ಬದಲಾಗಿ ಈಗ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿದ್ದೇವೆ. ಈ ಮನೆಯಲ್ಲಿ ಗ್ಯಾಸಿಲ್ಲ. ಬೆಳಗಿನ ಗಂಜಿಯನ್ನು ಇಂಡಕ್ಷನ್ ಒಲೆಯ ಮೇಲೆ ನಾನೇ ಬೇಯಿಸುತ್ತೇನೆ, ಹಿರಿಯರ ನೆನಪೇ ಆಗುವುದಿಲ್ಲ.

ಮೊನ್ನೆ ಗಿರಾವೀನ್‌ನ ಆ ಕೆಳಮನೆಯವರ ಫೋನ್ ಬಂತು. ಸ್ಪೀಕರ್ ಹಾಕಿದ್ದೆ.

"ನಿಮ್ಮಿಂದ ಉಳೀತು ಅಂಕಲ್! ಬಾಯ್ಲರ್ ಗುಂಡುಕಲ್ಲಿನ ಹಾಗೆ ಉಂಟು. ನಮ್ಮ ಕಾಲಕ್ಕೆ ಧಾರಾಳ ಸಾಕು."

ಹೊರಗೆ ಉರಿಬಿಸಿಲು. ಶಾಲೆಯಲ್ಲಿ ಆಟಕ್ಕೇ ಬಿಡಲಿಲ್ಲವೆಂದು ಮೊಮ್ಮಗಳು ಇಂಗ್ಲಿಷಿನಲ್ಲಿ ಗೊಣಗುತ್ತಿದ್ದಳು. ಮಗಳು ಅವಳ ಕತ್ತಿಗೆ ಒದ್ದೆ ಟವಲು ಸುತ್ತಿ, ನನ್ನ ಮುಂದೆ ಮಜ್ಜಿಗೆ ಇಟ್ಟು ಹೋದಳು.

ಕುಡಿದೆ. ಗಿರಾವೀನ್‌ನ ಆ ಮನೆಗಳಿಗೆಲ್ಲ ಫೋನ್ ಮಾಡಿ, ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡೇನು. ಅದು ಸುಲಭ, ಅವರು ನಕ್ಕುಬಿಡುತ್ತಾರೆ. ಬಾಯ್ಲರ್ ಉರಿಯುತ್ತಲೇ ಇರುತ್ತದೆ. ತಪ್ಪಾಯಿತು ಎಂದು ನಾನು ಹೇಳಬೇಕಾಗಿದ್ದೂ ಇವತ್ತಿನವರೆಗೂ ಹೇಳದೆ ಉಳಿದಿರುವುದು ಒಬ್ಬಳಿಗೆ, ನನ್ನ ಮಗಳಿಗೆ.