ಬೊಮ್ಮಕ್ಕನ ಎಡಗಣ್ಣು

ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೆಯದಾಗುತ್ತದಂತೆ. ಆ ಲೆಕ್ಕದಲ್ಲಿ ಚಳ್ಳಕೆರೆ ಕಡೆಯ ತಳಕಿನ ಹತ್ತಿರದ ಹಟ್ಟಿಯ ಬೊಮ್ಮಕ್ಕ ಇಷ್ಟು ಹೊತ್ತಿಗೆ ಮಹಾರಾಣಿಯಾಗಿರಬೇಕಿತ್ತು. ವರ್ಷಗಳಿಂದ ಅವಳ ಎಡಗಣ್ಣು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಮೊದಮೊದಲು ರೆಪ್ಪೆ ಮಾತ್ರ. ಆಮೇಲೆ ಕೆನ್ನೆ, ತುಟಿಯ ಕೊನೆಯನ್ನೂ ಎಳೆದುಕೊಂಡು ಕಣ್ಣು ಪೂರಾ ಮುಚ್ಚಿಬಿಡುತ್ತಿತ್ತು. ಕುರಿ ಕೊಳ್ಳಲು ಬಂದವನೊಬ್ಬ ತನಗೇ ಕಣ್ಣು ಹೊಡೆದಳೆಂದು ಹಿಗ್ಗಿ, ಅವಳ ಕೈಯ ಕೋಲು ಕಂಡು ಕಾಲಿಗೆ ಬುದ್ಧಿ ಹೇಳಿದ್ದ.

ಬೊಮ್ಮಕ್ಕ ಇದನ್ನು ಕಾಯಿಲೆ ಎಂದುಕೊಂಡವಳೇ ಅಲ್ಲ. ಗಂಡ ಸತ್ತ ಮೇಲೆ ಕುರಿ ಕಾಯ್ದು ಬೆಳೆಸಿದ ಒಬ್ಬಳೇ ಮಗಳು ಸ್ವಪ್ನಳನ್ನು ಮೊಳಕಾಲ್ಮುರಿಗೆ ಕೊಟ್ಟಿದ್ದಳು. ಎರಡು ಸಲ ಬಸುರು ನಿಲ್ಲದ ಆ ಮಗಳು ಈ ಸಲ ಏಳು ತಿಂಗಳು ದಾಟಿದ್ದು ತನ್ನ ಕಣ್ಣಿನ ದೆಸೆಯಿಂದಲೇ ಎಂದು ನಂಬಿದ್ದಳು. ಮೈಮೇಲೆಯೇ ಶಕುನ ಹೊತ್ತವಳು ಬೇರೆ ದೇವರನ್ನು ಯಾಕೆ ಹುಡುಕುತ್ತಾಳೆ?

ಸೀಮಂತದ ದಿನ ಬೀಗತಿ ಕೆಂಚಕ್ಕ ನಾಲ್ಕು ಜನರ ಮುಂದೆಯೇ ಬಾಯಿಬಿಟ್ಟಳು.

“ಬೇಜಾರು ಮಾಡ್ಕಬ್ಯಾಡ್ರಿ ಬೀಗ್ತೀರೇ. ಬಾಣಂತನ ನಮ್ಮನ್ಯಾಗೇ ಆಗ್ಲಿ. ಕೂಸಿಗೆ ಬಿಸಿನೀರು ಹುಯ್ಯೋವಾಗ ನಿಮ್ಮ ಕಣ್ಣು ಮುಚ್ಕಂಡ್ರೆ ಏನ್ ಗತಿ?”

ಚೊಚ್ಚಲ ಬಾಣಂತನ ತವರಿನದು. ಅದನ್ನು ಬಿಟ್ಟುಕೊಟ್ಟ ತಾಯಿ ಇದ್ದರೆಷ್ಟು, ಬಿಟ್ಟರೆಷ್ಟು! ಬೊಮ್ಮಕ್ಕನಿಗೆ ಸಿಟ್ಟು ಬಂತು. ಕೆಂಚಕ್ಕನ ಮಾತು ಸುಳ್ಳಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚು ಹೆದರಿಕೆಯೂ ಆಯಿತು.

ಸ್ವಪ್ನ ಅವ್ವನನ್ನು ಚಳ್ಳಕೆರೆ ಆಸ್ಪತ್ರೆಗೆ ಕರೆದೊಯ್ದಳು. ಮುಖದ ನರ ಸುಮ್ಮಸುಮ್ಮನೆ ಕೆರಳುತ್ತಿದೆ, ಕಣ್ಣಿನ ಸುತ್ತ ಸೂಜಿ ಹಾಕಿದರೆ ಸ್ನಾಯು ಸಡಿಲವಾಗಿ ಎಳೆತ ನಿಲ್ಲುತ್ತದೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ಹಾಕಿಸಬೇಕು ಎಂದರು ಡಾಕ್ಟರು.

“ಬೊಟಾಕ್ಸ್ ಅಂತ. ಸಿನಿಮಾದವರು ಸುಕ್ಕು ಹೋಗಲಿ ಅಂತ ಹಾಕಿಸಿಕೊಳ್ಳೋದೂ ಇದನ್ನೇ ಅಮ್ಮ.”

“ಅಯ್ಯೋ, ಕುರಿ ಕಾಯೋಳಿಗ್ಯಾಕ್ರಿ ಸಾಮಿ ಆ ಸಿಂಗಾರ?” ಎಂದವಳೇ ಬೊಮ್ಮಕ್ಕ ಎದ್ದು ಹೊರಗೆ ಬಂದಳು. ಸಿಂಗಾರ ಬರೀ ನೆಪ. ಹಿಂದೆಯೇ ಬಂದ ಮಗಳ ಕೈ ಹಿಡಿದುಕೊಂಡು ನಿಜ ಹೇಳಿದಳು.

“ಹೆರಿಗೆ ಆಗ್ಲಿ ಕಣೇ, ಆಮ್ಯಾಲೆ ಹಾಕಿಸ್ಕಂತೀನಿ. ಈಗ ಈ ಕಣ್ಣು ನಿಂತೋಗಿ, ನಿಂಗೇನಾದ್ರೂ...”

ಸ್ವಪ್ನ ನೆಲ ನೋಡಿಕೊಂಡು ಕೇಳಿದಳು: “ಅವ್ವ, ಮೊದ್ಲಿನ ಎಲ್ಡು ಹೋದ್ವಲ್ಲ. ಆಗ ನಿನ್ ಕಣ್ಣು ಹೊಡ್ಕಂತಿರ್ಲಿಲ್ವಾ?”

ಹೊಡೆದುಕೊಳ್ಳುತ್ತಿತ್ತು. ಎರಡು ಸಲವೂ. ಅದನ್ನು ಅವ್ವ ಮರೆತಿದ್ದಳು, ಮಗಳು ಮರೆತಿರಲಿಲ್ಲ. ಬೊಮ್ಮಕ್ಕ ತಿರುಗಿ ಒಳಗೆ ಹೋಗಿ ಡಾಕ್ಟರ ಮುಂದಿನ ಕುರ್ಚಿಯಲ್ಲಿ ಕೂತಳು.

ಸೂಜಿ ಕೆಂಜಿಗ ಕಚ್ಚಿದಷ್ಟು ಉರಿಯಿತು, ಅಷ್ಟೇ. ವಾರದೊಳಗೆ ಒಂದು ಬೆಳಿಗ್ಗೆ ಕಣ್ಣು ನಿಂತೇಹೋಗಿತ್ತು. ತುಟಿ ಒಂದಿಷ್ಟು ಸಡಿಲವಾಗಿ ಟೀ ಸೋರುತ್ತಿತ್ತು, ಅದು ಹೋಗಲಿ. ಕಣ್ಣಿನ ಮೌನಕ್ಕೆ ಅವಳು ನಡುಗಿದಳು. ಕುರಿ ಅಡ್ಡಗಟ್ಟುವಾಗಲೂ ಒಂದು ಕೈ ರೆಪ್ಪೆಯ ಮೇಲೆ. “ಒಂದ್ಸಲ ಅದುರೇ” ಎಂದು ಕಣ್ಣನ್ನೇ ಬೇಡಿಕೊಂಡಳು. ಮಗಳ ಮಾತು ತಲೆಗೆ ಹೋಗಿತ್ತು, ಎದೆಗೆ ಇನ್ನೂ ಇಳಿದಿರಲಿಲ್ಲ.

ಹೆರಿಗೆಯ ದಿನ ಚಳ್ಳಕೆರೆ ಆಸ್ಪತ್ರೆಯ ಬೆಂಚಿನ ಮೇಲೂ ಹಾಗೆಯೇ ರೆಪ್ಪೆ ಒತ್ತಿಕೊಂಡು ಕೂತಿದ್ದಳು. ಒಳಗೆ ಮಗಳು ಕೂಗುತ್ತಿದ್ದಳು, ಕಣ್ಣು ಮಾತ್ರ ಕಲ್ಲು. ಕೊನೆಗೆ ಕೂಸು ಅತ್ತಿತು. ಹೆಣ್ಣು, ತಾಯಿ ಮಗು ಇಬ್ಬರೂ ಕ್ಷೇಮ. ಬೊಮ್ಮಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಗಳಗಳ ಅತ್ತುಬಿಟ್ಟಳು.

ಕಣ್ಣು ನಿಂತ ಮೇಲೆ ಕೆಂಚಕ್ಕನೂ ಒಪ್ಪಿದ್ದಳು, ಬಾಣಂತನ ಹಟ್ಟಿಯಲ್ಲೇ ಆಯಿತು. ಮೊದಲ ನೀರು ಹಾಕುವ ದಿನ ಕೆಂಚಕ್ಕ ಮೊಳಕಾಲ್ಮುರಿನಿಂದ ಬಂದು, ಬಚ್ಚಲ ಬಾಗಿಲಲ್ಲಿ ಕಾವಲಿಗೆ ನಿಂತಳು. ಬೊಮ್ಮಕ್ಕ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು, ನೀರಿನ ಬಿಸಿ ಮುಟ್ಟಿ ನೋಡಿ, ಸೋಪು ಸವರಿ, ಅಂಗೈಯಿಂದ ಹುಯ್ಯತೊಡಗಿದಳು.

ಕೆಂಚಕ್ಕ ಇದ್ದಕ್ಕಿದ್ದಂತೆ ಹಿಗ್ಗಿ ಕೂಗಿದಳು. “ನೋಡ್ರಿ ಬೀಗ್ತೀರೇ, ಕೂಸಿನ ಎಡಗಣ್ಣು ಅದುರ್ತೈತೆ! ಒಳ್ಳೇದಾಗ್ತೈತೆ!”

ಬೊಮ್ಮಕ್ಕ ಆಗಲೇ ಬಾಗಿ ನೋಡುತ್ತಿದ್ದಳು, ಎರಡೂ ಕಣ್ಣು ಬಿಟ್ಟು.

“ಸುಮ್ಕಿರ್ರಿ, ಸೋಪು ಹೋಗೈತೆ” ಎಂದು ಸೆರಗಿನ ತುದಿ ಒದ್ದೆ ಮಾಡಿ ಕೂಸಿನ ಕಣ್ಣು ಒರೆಸಿದಳು.